ಪಕ್ಷದ ಅಮಾವಾಸ್ಯೆಗೆ ಗಿಡ ನೆಟ್ಟು ಸ್ಮೃತಿವನ ಉಳಿಸಿಕೊಂಡ ಬಗೆ

ಶಿರಾ, ಹಿರಿಯೂರು, ಚಳ್ಳಕೆರೆ ಕಡೆಯ ಗರಸು ನೆಲದಲ್ಲಿ ಜೂನ್ 5ರ ಪರಿಸರ ದಿನಕ್ಕೆ ನೆಟ್ಟ ಗಿಡ ಮುಂದಿನ ಯುಗಾದಿ ಕಾಣುವುದು ಅಪರೂಪ. ಮೃಗಶಿರದಲ್ಲಿ ನಾಲ್ಕು ಹನಿ ಬಿದ್ದರೆ ಎಲ್ಲರಿಗೂ ಹುರುಪು. ಆಮೇಲೆ ಆಷಾಢದ ಗಾಳಿ ಶುರುವಾದರೆ ಎಲೆ ಸುಟ್ಟು, ಕಾಂಡ ಅಲ್ಲಾಡಿ, ಬೇರು ಮಣ್ಣು ಬಿಡುತ್ತದೆ. ನಮ್ಮಲ್ಲಿ ಮಳೆ ನೆಲಕ್ಕೆ ಇಳಿಯುವುದು ಹುಬ್ಬೆ, ಉತ್ತರೆ, ಹಸ್ತದಲ್ಲಿ, ಅಂದರೆ ಸೆಪ್ಟೆಂಬರ್ ಆಸುಪಾಸಿಗೆ. ಪಿತೃಪಕ್ಷವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಬರುತ್ತದೆ: ಮಹಾಲಯ ಅಮಾವಾಸ್ಯೆ 2024ರಲ್ಲಿ ಅಕ್ಟೋಬರ್ 2ಕ್ಕೆ ಬಿತ್ತು, 2025ರಲ್ಲಿ ಸೆಪ್ಟೆಂಬರ್ 21ಕ್ಕೆ. ಸ್ಮಶಾನದ ಪಕ್ಕದ ಎರಡು ಎಕರೆ ಗೋಮಾಳದಲ್ಲಿ ನಮ್ಮ ಸ್ಮೃತಿವನ ಇದೆ. ಊರಲ್ಲಿ ತೀರಿಕೊಂಡವರ ನೆನಪಿಗೆ ಅಲ್ಲಿ ಗಿಡ ನೆಡುವ ಕೆಲಸವನ್ನು ಆ ಪಕ್ಷಕ್ಕೇ ತಳ್ಳಿದೆವು.

ಊರಿನ ಹಿರಿಯರು ಒಪ್ಪಲಿಲ್ಲ. ‘ಪಕ್ಷದಲ್ಲಿ ಹೊಸ ಕೆಲಸ ಹಿಡಿಯಬಾರದು ಕಣ್ರಪ್ಪಾ’ ಎಂಬುದು ಮೊದಲ ಮಾತು. ಅದಕ್ಕೆ ಉತ್ತರ ಸಿದ್ಧವಿತ್ತು. ಗುಂಡಿ ಬೇಸಿಗೆಯಲ್ಲೇ ತೆಗೆದಾಗಿದೆ, ಆದ್ದರಿಂದ ಇದು ಹೊಸ ಕೆಲಸವಲ್ಲ. ಹಿರಿಯರಿಗೆ ಎಡೆ ಇಟ್ಟ ಮೇಲೆ ಅವರ ಹೆಸರಲ್ಲಿ ನೀರು ಬಿಡುವುದು ಶುಭಕಾರ್ಯವೂ ಅಲ್ಲ, ಅಶುಭವೂ ಅಲ್ಲ. ಸಾಬರ ಮನೆಗಳಿಗೆ ಪಕ್ಷದ ಕಟ್ಟೇ ಇಲ್ಲವಾದ್ದರಿಂದ ಅವರು ಮೊದಲೇ ಒಪ್ಪಿದ್ದರು. ಇಂದು ಆಚೀಚೆ ಹಳ್ಳಿಯವರು ನೋಡಿಕೊಂಡು ಹೋಗುತ್ತಾರೆ. ಬೇಡ ಎಂದಿದ್ದವರಲ್ಲೇ ಕೆಲವರು ಈಗ ಅವರಿಗೆ ವಿವರಿಸಿ ಹೇಳುತ್ತಾರೆ.

ಪಂಚಾಯಿತಿ ಠರಾವು, ಸರ್ವೆ, ಗಡಿಕಲ್ಲು ಇವುಗಳ ಗೋಳು ಎಲ್ಲರಿಗೂ ಗೊತ್ತಿರುವುದೇ, ಬಿಡಿ.

ಕಾಲ ಬದಲಿಸಿದ್ದಕ್ಕಿಂತ ದೊಡ್ಡ ಬದಲಾವಣೆ ಹೆಸರಿನ ವಿಷಯದ್ದು. ‘ಒಂದು ಮನೆಗೆ ಒಂದು ಗಿಡ, ಗಿಡಕ್ಕೊಂದು ಫಲಕ’ ಎಂಬ ಕ್ರಮ ಎಲ್ಲ ಕಡೆ ಇದೆ, ಎಲ್ಲ ಕಡೆ ಸೋಲುತ್ತದೆ. ಗಿಡ ಸತ್ತರೆ ಆ ಮನೆಯವರಿಗೆ ಎರಡನೇ ಸಾವು. ಆ ಮೇಲೆ ಅವರು ಇತ್ತ ತಲೆ ಹಾಕುವುದಿಲ್ಲ. ಪಕ್ಕದವರ ಗಿಡ ಚೆನ್ನಾಗಿ ಬಂದರೆ ಅದೂ ಒಂದು ಸಂಕಟ. ಅದಕ್ಕೇ ಗಿಡಕ್ಕೆ ಹೆಸರಿಡುವುದನ್ನು ನಿಲ್ಲಿಸಿ ಗುಂಪಿಗೆ ಇಟ್ಟೆವು. ಒಂದು ಗುಂಪೆಂದರೆ ಐದು ಗಿಡ, ಗಿಡದಿಂದ ಗಿಡಕ್ಕೆ ಆರು ಅಡಿ. ಗುಂಪಿನ ನಡುವಿನಿಂದ ಮುಂದಿನ ಗುಂಪಿನ ನಡುವಿಗೆ ಮೂವತ್ತು ಅಡಿ. ದಾರಿ, ತೊಟ್ಟಿ ಕಳೆದರೆ ಎರಡು ಎಕರೆಗೆ ಎಪ್ಪತ್ತು–ಎಂಬತ್ತು ಗುಂಪು ಹಿಡಿಯುತ್ತವೆ.

ಯಾವ ಮನೆ ಯಾವ ಗುಂಪಿಗೆ ಎಂಬುದನ್ನು ಕೇರಿ ನೋಡಿ ಹಂಚುವುದಿಲ್ಲ, ನೆಂಟಸ್ತಿಕೆ ನೋಡಿಯೂ ಅಲ್ಲ. ಒಂದೇ ತಿಂಗಳಲ್ಲಿ ತೀರಿಕೊಂಡವರ ಮನೆಗಳೆಲ್ಲ ಒಂದು ಗುಂಪು, ಅಷ್ಟೆ. ನಮ್ಮ ಊರಿನ ಗಾತ್ರಕ್ಕೆ ತಿಂಗಳಿಗೆ ಮೂರು ಮನೆ ಬರುತ್ತವೆ, ವರ್ಷಕ್ಕೆ ಹನ್ನೆರಡು ಗುಂಪು. ಸ್ಮಶಾನದಲ್ಲಿ ಜಾತಿಗೊಂದು ಮೂಲೆ ಇರುವ ಊರಲ್ಲಿ ಇದು ನಡೆಯುವುದಿಲ್ಲ ಎಂದವರೇ ಹೆಚ್ಚು. ನಡೆಯಿತು, ಏಕೆಂದರೆ ದುಃಖಕ್ಕೂ ವಯಸ್ಸಿದೆ. ತಿಥಿ ಮುಗಿದು ಎರಡು ತಿಂಗಳಾದವರ ಪಕ್ಕ ಐದು ವರ್ಷ ಹಿಂದೆ ಕಳೆದುಕೊಂಡವರನ್ನು ಕೂರಿಸಿದರೆ ಉಪದೇಶ ಶುರುವಾಗುತ್ತದೆ. ಒಂದೇ ತಿಂಗಳವರಾದರೆ ಇಬ್ಬರೂ ಸುಮ್ಮನಿರುತ್ತಾರೆ, ಬಿಂದಿಗೆ ಕೈ ಬದಲಾಗುತ್ತದೆ, ಮೂರನೇ ಸಲಕ್ಕೆ ಮಾತು ತಾನೇ ಬರುತ್ತದೆ.

ಗುಂಪಿನ ಐದರಲ್ಲಿ ಎರಡು ಹೊಂಗೆ ಅಥವಾ ಬೇವು, ಇವು ಬೇಗ ನೆರಳು ಕೊಡುತ್ತವೆ. ಒಂದು ಹುಣಸೆ ಅಥವಾ ನೇರಳೆ. ಒಂದು ಇಪ್ಪೆ. ಐದನೆಯದು ಮನೆಯವರು ಕೇಳಿದ್ದು. ಇಲ್ಲಿಗೆ ಬಂದು ನಿಲ್ಲುತ್ತದೆ ಜನ್ಮನಕ್ಷತ್ರಕ್ಕೊಂದು ಮರ ಎಂಬ ಪಟ್ಟಿ. ಭರಣಿಗೆ ನೆಲ್ಲಿ, ಕೃತ್ತಿಕೆಗೆ ಅತ್ತಿ, ಚಿತ್ತೆಗೆ ಬಿಲ್ವ, ಧನಿಷ್ಠೆಗೆ ಬನ್ನಿ, ರೇವತಿಗೆ ಇಪ್ಪೆ: ಇವೆಲ್ಲ ನಮ್ಮ ನೆಲಕ್ಕೆ ಒಗ್ಗುತ್ತವೆ, ಧಾರಾಳವಾಗಿ ಕೊಡಿ. ಆಶ್ಲೇಷೆಯ ನಾಗಸಂಪಿಗೆ ಮಲೆನಾಡಿನ ಗಿಡ, ಗರಸಿನಲ್ಲಿ ಎರಡು ಬೇಸಿಗೆ ದಾಟಿದ್ದನ್ನು ಕಂಡಿಲ್ಲ. ಆಲ, ಅರಳಿ ಕೇಳಿದರೆ ಗುಂಪಿನೊಳಗೆ ಬೇಡ. ಬೇಲಿಯ ಅಂಚಿಗೆ, ನಲವತ್ತು ಅಡಿ ಜಾಗ ಬಿಟ್ಟು ಕೊಡಿ.

ಕಮರದ ಬಗ್ಗೆ ಒಂದು ಎಚ್ಚರಿಕೆ. ಬಯಲುಸೀಮೆಗೆ ಅದಕ್ಕಿಂತ ಗಟ್ಟಿ ಮರ ಇಲ್ಲ. ಆದರೆ ಮೊದಮೊದಲ ವರ್ಷಗಳಲ್ಲಿ ಮೇಲೆ ಒಣಗುತ್ತದೆ, ಕೆಳಗೆ ತಾಯಿಬೇರು ಇಳಿಸುತ್ತಿರುತ್ತದೆ. ಮಳೆ ಬಂದಾಗ ಬುಡದಿಂದ ಮತ್ತೆ ಚಿಗುರುತ್ತದೆ. ಮನೆಯವರಿಗೆ ಇದು ಗೊತ್ತಿಲ್ಲದೆ ‘ಸತ್ತುಹೋಯ್ತು’ ಎಂದು ಕಿತ್ತೇ ಬಿಡುತ್ತಾರೆ. ಮುತ್ತುಗದ ಕಥೆಯೂ ಇದೇ. ಬೀಜವನ್ನು ನೇರ ನೆಲಕ್ಕೆ ಹಾಕಿ, ಸುತ್ತ ಮೂರು ಕಲ್ಲು ಇಡಿ. ಯಾರ ಹೆಸರಿಗೂ ಕಟ್ಟಬೇಡಿ.

ಗುಂಡಿ ಎರಡಡಿ ಉದ್ದ, ಅಗಲ, ಆಳ. ಮಾರ್ಚ್–ಏಪ್ರಿಲ್‌ನಲ್ಲಿ ಜೆಸಿಬಿಯಿಂದ ತೆಗೆಸಿ ಬಿಸಿಲಿಗೆ ಬಿಡಿ. ಅಡಿಯಲ್ಲಿ ಸುಣ್ಣಕಲ್ಲಿನ ಪದರ ಸಿಕ್ಕರೆ ಹಾರೆಯಿಂದ ಒಡೆಯಲೇಬೇಕು, ಇಲ್ಲದಿದ್ದರೆ ಬೇರು ಬಟ್ಟಲಲ್ಲಿ ಸುತ್ತಿಕೊಂಡು ಮೂರನೇ ವರ್ಷ ಗಿಡ ನಿಂತುಹೋಗುತ್ತದೆ. ತುಂಬುವಾಗ ಮೇಲ್ಮಣ್ಣು, ಎರಡು ಮಂಕರಿ ಹಳೆ ಕೊಟ್ಟಿಗೆ ಗೊಬ್ಬರ, ಕಾಲು ಕೆಜಿ ಬೇವಿನ ಹಿಂಡಿ. ಗೆದ್ದಲಿಗೆ ಇನ್ನೊಂದು ಸೇರಿಸುತ್ತೇವೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬಂದು ಒಂದು ದಿನ ನೀರು ಹೊತ್ತವರಿಗೆ ಹೇಳುತ್ತೇವೆ. ಬುಡಕ್ಕೆ ರಾಗಿ ಹುಲ್ಲು ಹೊದಿಸಿದರೆ ಗೆದ್ದಲಿಗೆ ಊಟ ಬಡಿಸಿದಂತೆ. ಅಂಗೈ ಗಾತ್ರದ ಕಲ್ಲು ಒತ್ತೊತ್ತಾಗಿ ಜೋಡಿಸಿ, ಕಾಂಡದಿಂದ ನಾಲ್ಕು ಬೆರಳು ಬಿಟ್ಟು.

ಈಗ ಬೂದಿಯ ವಿಚಾರ. ಸುಡುವ ಮನೆಗಳವರು ಮೂರನೇ ದಿನದ ಬೂದಿ ತಂದು ‘ಗುಂಡಿಗೆ ಹಾಕಿ’ ಎನ್ನುತ್ತಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೆ ಚಿತೆಯ ಬೂದಿ ಕಟುಕ್ಷಾರ, ಉಪ್ಪೂ ಇರುತ್ತದೆ. ನಮ್ಮ ಸುಣ್ಣದ ಮಣ್ಣು ಮೊದಲೇ ಕ್ಷಾರ. ಅರ್ಧ ಮಂಕರಿ ಹಾಕಿದ ಗುಂಡಿಗಳಲ್ಲಿ ಎಲೆಯ ಅಂಚು ಕಂದಾಗಿ, ತಿಂಗಳೊಳಗೆ ಗಿಡ ಹೋಗಿದೆ. ಈಗಿನ ಕ್ರಮ: ಒಂದು ಹಿಡಿ ಮಾತ್ರ. ಅದನ್ನು ಎರಡು ಮಂಕರಿ ಮಣ್ಣು, ಒಂದು ಮಂಕರಿ ಗೊಬ್ಬರದ ಜೊತೆ ಕಲಸಿ, ಒಂದು ಮಳೆಗಾಲ ಪೂರ್ತಿ ಬಯಲಲ್ಲಿ ನೆನೆಯಲು ಬಿಟ್ಟು, ಮುಂದಿನ ವರ್ಷ ಗುಂಪಿನ ನಡುವೆ ಹರಡುವುದು. ಉಳಿದದ್ದು ಹೊಳೆಗೆ. ಮನೆಯವರಿಗೆ ಇನ್ನೊಮ್ಮೆ ಬರಲು ಒಂದು ಕಾರಣವೂ ಆಯಿತು.

ಬುಡದಲ್ಲಿ ಎಡೆ ಇಟ್ಟರೆ ನಾಯಿ, ಹಂದಿ ಕೆದರಿ ಬೇರು ಬಯಲಿಗೆ ತರುತ್ತವೆ. ಎಳೆ ಕಾಂಡದ ಪಕ್ಕ ದೀಪ ಹಚ್ಚಿದರೆ ಆ ಬದಿಯ ತೊಗಟೆ ಬೇಯುತ್ತದೆ. ಎರಡಕ್ಕೂ ಬಾಗಿಲಲ್ಲಿ ಒಂದು ಚಪ್ಪಡಿ ಹಾಕಿದ್ದೇವೆ. ಹೆಸರುಗಳೂ ಅಲ್ಲೇ, ತೀರಿಕೊಂಡ ತಿಂಗಳ ಕ್ರಮದಲ್ಲಿ ಕೆತ್ತಿಸಿದ್ದೇವೆ. ತಂತಿಯಲ್ಲಿ ಕಟ್ಟಿದ ಫಲಕ ಮೂರು ವರ್ಷಕ್ಕೆ ಕಾಂಡದೊಳಗೆ ಹೂತುಕೊಂಡು ಮರದ ಕತ್ತು ಹಿಸುಕುತ್ತದೆ. ಸಿಮೆಂಟು ಕಟ್ಟೆ ಕಟ್ಟಿಸಿಕೊಡುತ್ತೇನೆ ಎಂದು ದಾನಿಗಳು ಬಂದರೆ ಕೈ ಮುಗಿದು ಕಲ್ಲುಬೆಂಚು ಕೇಳಿ. ಬೆಂಚನ್ನು ಎದುರುಬದುರು ಹಾಕಬೇಡಿ, ಯಾರೂ ಕೂರುವುದಿಲ್ಲ. ಎಲ್ಲ ಒಂದೇ ದಿಕ್ಕಿಗೆ, ನೀರಿನ ತೊಟ್ಟಿ ಕಾಣುವಂತೆ ಇರಲಿ.

ನೀರಿಗೆ ಗಿಡದ ಪಕ್ಕ ಒಂದಡಿ ದೂರಕ್ಕೆ ಹತ್ತು ಲೀಟರಿನ ಮಡಕೆ ಹೂತು, ತಳದ ತೂತಿಗೆ ಬತ್ತಿ ಕೊಡುತ್ತೇವೆ. ಬತ್ತಿ ಸಡಿಲವಾದರೆ ಒಂದೇ ದಿನಕ್ಕೆ ಖಾಲಿ, ಬಿಗಿಯಾದರೆ ಹನಿಯೂ ಇಲ್ಲ. ನಮ್ಮದು ಐದಾರು ದಿನ ನಿಲ್ಲುತ್ತದೆ, ಯಾವ ಬಟ್ಟೆ ಎಂಬುದು ಇನ್ನೊಂದು ಗುಟ್ಟು. ತುಂಬುವುದು ಅಮಾವಾಸ್ಯೆ, ಹುಣ್ಣಿಮೆಗೆ. ಅಮಾವಾಸ್ಯೆಗೆ ನಮ್ಮಲ್ಲಿ ನೇಗಿಲು ಕಟ್ಟುವುದಿಲ್ಲ, ಜನ ಬಿಡುವಾಗಿರುತ್ತಾರೆ. ಏಪ್ರಿಲ್–ಮೇನಲ್ಲಿ ಮಧ್ಯೆ ಒಂದು ಸರದಿ ಹೆಚ್ಚಿಗೆ. ಹನಿ ನೀರಾವರಿ ಮಾಡಿಸಿ ಎಂದವರು ಬಹಳ. ನಲವತ್ತು–ಐವತ್ತು ಸಾವಿರ ಆಗುತ್ತಿತ್ತು, ಅಳಿಲು ಪೈಪು ಕಡಿಯುತ್ತಿತ್ತು, ಅದೆಲ್ಲ ಹೋಗಲಿ, ನಲ್ಲಿ ತಿರುಗಿಸಲು ಒಬ್ಬ ಸಾಕು ಎಂದಾದ ಮೇಲೆ ಉಳಿದವರು ಏಕೆ ಬರುತ್ತಾರೆ? ತೊಟ್ಟಿಯನ್ನೂ ಬೇಕೆಂದೇ ಒಂದೇ ಮೂಲೆಗೆ ಕಟ್ಟಿಸಿದ್ದು.

ಖರ್ಚು ನೆನಪಿದ್ದಷ್ಟು ಹೇಳುತ್ತೇನೆ. ಒಂದು ವರ್ಷದ ಹನ್ನೆರಡು ಗುಂಪಿನ ಅರವತ್ತು ಗಿಡಕ್ಕೆ, ಎದೆಮಟ್ಟದ್ದು, ಒಂಬತ್ತು ಸಾವಿರ. ಜೆಸಿಬಿ ನಾಲ್ಕು ಗಂಟೆ, ಐದು ಸಾವಿರದ ಹತ್ತಿರ. ಗೊಬ್ಬರ ಒಂದು ಟ್ರೇಲರ್‌ಗೆ ಐದು ಸಾವಿರ, ಮಡಕೆಗೆ ನಾಲ್ಕು ಸಾವಿರ, ಬೇವಿನ ಹಿಂಡಿ ಆರುನೂರು. ಟ್ಯಾಂಕರ್ ಎಂಟುನೂರರಂತೆ ವರ್ಷಕ್ಕೆ ಹತ್ತು–ಹನ್ನೆರಡು ಸಾವಿರ. ಒಟ್ಟು ಮೂವತ್ತೈದು ಸಾವಿರದ ಆಸುಪಾಸು, ಮನೆಗೆ ಸಾವಿರ ಬೀಳುತ್ತದೆ. ಕೊಡಲಾಗದವರು ಆಳಾಗಿ ಬರುತ್ತಾರೆ. ಹಿಂದಿನ ಕ್ರಮದಲ್ಲಿ ಕಬ್ಬಿಣದ ಗಾರ್ಡಿಗೇ ಎಪ್ಪತ್ತು ಸಾವಿರ ಸುರಿದು, ಅರ್ಧ ಗಾರ್ಡು ಗುಜರಿಗೆ ಹೋಗಿದ್ದವು. ಈಗ ಜಾಲಿ ಮುಳ್ಳು. ಹುಲಿಕಲ್–ಕುದೂರು ದಾರಿಯಲ್ಲಿ ಸಾಲುಮರದ ತಿಮ್ಮಕ್ಕ ದಂಪತಿ ಆಲದ ಸಸಿಗಳಿಗೆ ಕಟ್ಟಿದ್ದೂ ಮುಳ್ಳೇ, ಅದನ್ನು ಯಾರೂ ಕದಿಯುವುದಿಲ್ಲ. ಸುತ್ತ ಕಂದಕ, ಏರಿಯ ಮೇಲೆ ಕತ್ತಾಳೆ. ಸಂಕ್ರಾಂತಿಯೊಳಗೆ ಹುಲ್ಲು ಕೊಯ್ದು, ಚಿತೆ ಉರಿಯುವ ಕಡೆಗೆ ಹದಿನೈದು ಅಡಿ ಬೋಳು ಪಟ್ಟೆ ಬಿಡಿ. ಮಾರ್ಚಿನ ಗಾಳಿಗೆ ಒಂದು ಕಿಡಿ ಸಾಕು.

ಅರವತ್ತರಲ್ಲಿ ಐವತ್ತು ಉಳಿಯುತ್ತಿವೆ. ಹತ್ತು ಸತ್ತರೂ ಒಂದೂ ಗುಂಪು ಬರಿದಾಗಿಲ್ಲ.

ಹಠಕ್ಕೆ ಬಿದ್ದು ಗೂಟವನ್ನೂ ನೆಟ್ಟು ನೋಡಿದ್ದಾಯಿತು. ಆಳೆತ್ತರ, ತೋಳು ಗಾತ್ರದ ಕೊಂಬೆ, ಮೇಲಿನ ಕಡಿತಕ್ಕೆ ಸಗಣಿ. ಗೋಣಿ, ಬಸರಿ ಮೂರಕ್ಕೊಂದು ಹಿಡಿದವು, ಅದೂ ತೊಟ್ಟಿಯ ಬಸಿ ನೀರು ಇದ್ದ ಕಡೆ. ಅತ್ತಿ ಚಿಗುರಿ ಆಸೆ ಹುಟ್ಟಿಸಿ ಒಣಗಿತು, ಅಗೆದು ನೋಡಿದರೆ ಒಂದು ಬೇರೂ ಇಲ್ಲ.

ಆರೇಳು ವರ್ಷಕ್ಕೆ ಗುಂಪು ಒತ್ತಾಗುತ್ತದೆ, ಒಂದೆರಡು ಹೊಂಗೆ ತೆಗೆಯಲೇಬೇಕು. ಗಿಡ ನೆಡುವ ದಿನವೇ ಇದನ್ನು ಪುಸ್ತಕದಲ್ಲಿ ಬರೆದು ಮೂರೂ ಮನೆಯವರ ರುಜು ಹಾಕಿಸಿಕೊಳ್ಳಿ. ಯಾವುದೂ ಯಾರ ಹೆಸರಿನದೂ ಅಲ್ಲವಾದ್ದರಿಂದ ಕೊಡಲಿ ಇಡಲು ತಕರಾರು ಬರುವುದಿಲ್ಲ. ಸೊಪ್ಪು ಆಯಾ ಗುಂಪಿನ ಮನೆಗಳಿಗೆ, ಸೌದೆ ಸ್ಮಶಾನಕ್ಕೆ. ಹೊಂಗೆ ಬೀಜ ಮಾರಿದ ದುಡ್ಡು ಟ್ಯಾಂಕರಿಗೆ. ಹುಣಸೆ ಫಸಲು ಬಂದ ಮೇಲೆ ಹರಾಜು ಕೂಗುವುದೋ ಮನೆಗಳಿಗೇ ಹಂಚುವುದೋ ಎಂಬ ಜಗಳ ಈಗಿಂದಲೇ ನಡೆದಿದೆ.