ಬೇಡುವ ಮೊದಲು ಮಡಿಲು

ಬೀದರಿನ ಮಂಗಲಪೇಟದ ಮೆಥೋಡಿಸ್ಟ್ ಕ್ರೈಸ್ತ ಮನೆತನದಲ್ಲಿ ಹುಟ್ಟಿದವರಿಗೆ ಪ್ರಾರ್ಥನೆ ಹೊಸದಲ್ಲ. ಭಾನುವಾರದ ಆರಾಧನೆ, ಮನೆಗಳಲ್ಲಿ ನಡೆಯುವ ಪ್ರಾರ್ಥನಾ ಕೂಟ, ಊಟಕ್ಕೆ ಮೊದಲಿನ ಸ್ತೋತ್ರ, ಇವುಗಳ ನಡುವೆಯೇ ನಾನು ಬೆಳೆದೆ. ಅವ್ವ ಹಾಸಿಗೆ ಹಿಡಿದಾಗ ನನ್ನ ಪ್ರಾರ್ಥನೆಯೆಲ್ಲ ಬೇಡಿಕೆಯೇ ಆಗಿತ್ತು. ಜ್ವರ ಇಳಿಯಲಿ, ರಾತ್ರಿ ಅವಳಿಗೆ ನಿದ್ದೆ ಬರಲಿ, ಔಷಧಿಗೆ ಹಣ ಒದಗಲಿ. ಬೇಡಿಕೊಳ್ಳಿರಿ ಎಂದು ಕರ್ತನಾದ ಯೇಸುವೇ ಹೇಳಿದ್ದಾನೆ, ಬೇಡಿದೆ. ಅವ್ವ ತೀರಿಕೊಂಡಳು. ಆಮೇಲೆ ಬೇಡಲು ಏನೂ ಉಳಿಯಲಿಲ್ಲ. ಕೈಯಲ್ಲಿ ಒಂದು ಬೇಡಿಕೆಯೂ ಇಲ್ಲದೆ ದೇವರ ಮುಂದೆ ಕುಳಿತ ಆ ದಿನಗಳಲ್ಲೇ ಆತನ ಅಕ್ಕರೆ ನನಗೆ ತಿಳಿಯತೊಡಗಿತು.

ಮೊದಲು ನಾನು ಮಾಡಿದ್ದು ದೂರು ಹೇಳುವುದು. ಅದಕ್ಕೆ ಧೈರ್ಯ ಕೊಟ್ಟದ್ದು ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಪ್ರವಾದಿ ಯೆಶಾಯನ ಗ್ರಂಥದ 49ನೆಯ ಅಧ್ಯಾಯ. ಅಲ್ಲಿ ಚೀಯೋನ್ ಎಂಬ ನಗರಿ ದುಃಖದಲ್ಲಿ, ಯೆಹೋವನು ನನ್ನನ್ನು ಕೈಬಿಟ್ಟಿದ್ದಾನೆ, ಮರೆತೇಬಿಟ್ಟಿದ್ದಾನೆ ಎನ್ನುತ್ತಾಳೆ. ಅಷ್ಟು ದೊಡ್ಡ ಮಾತಿಗೂ ದೇವರು ಗದರಿಸುವುದಿಲ್ಲ. ಮೊಲೆಗೂಸನ್ನು ತಾಯಿ ಮರೆತಾಳೇ, ಅವಳು ಮರೆತರೂ ನಾನು ಮರೆಯುವುದಿಲ್ಲ, ನಿನ್ನನ್ನು ನನ್ನ ಅಂಗೈಗಳಲ್ಲಿ ಕೆತ್ತಿಕೊಂಡಿದ್ದೇನೆ ಎಂದು ಉತ್ತರ ಕೊಡುತ್ತಾನೆ. ಆ ಮಾತನ್ನು ಓದಿದ ಮೇಲೆ ನಾನೂ ನಯವಾದ ಮಾತುಗಳನ್ನು ಬದಿಗಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದೆ. ಸತ್ಯವೇದದ ಪ್ರಾರ್ಥನಾ ಗೀತೆಗಳಾದ ಕೀರ್ತನೆಗಳಲ್ಲಿ 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಯಲ್ಲಿ ಸ್ತುತಿಯ ಒಂದು ಸಾಲೂ ಇಲ್ಲ. ಅಂಥದನ್ನೂ ತನ್ನ ವಾಕ್ಯದಲ್ಲಿ ಇರಗೊಟ್ಟ ದೇವರು ನನ್ನ ಅಳುವಿಗೆ ಬೇಸರಪಡುವವನಲ್ಲ ಎಂಬುದು ನನ್ನ ದೃಢ ನಂಬಿಕೆ.

ದೂರು ಮುಗಿದ ಮೇಲೆ ಕೂರುವುದನ್ನು ಕಲಿತದ್ದು 131ನೆಯ ಕೀರ್ತನೆಯಿಂದ. ಅದರಲ್ಲಿರುವುದು ಮೂರೇ ವಚನ. ಮೊಲೆ ಬಿಟ್ಟ ಮಗು ತಾಯಿಯ ಬಳಿ ಇರುವಂತೆ ನನ್ನ ಪ್ರಾಣ ಸಮಾಧಾನದಿಂದಿದೆ ಎನ್ನುತ್ತಾನೆ ಕೀರ್ತನೆಗಾರ. ಮೊಲೆಯುಣ್ಣುವ ಕೂಸು ಹಾಲಿಗಾಗಿ ತಡಕಾಡುತ್ತದೆ. ಮೊಲೆ ಬಿಟ್ಟದ್ದು ಹಾಲಿಗಾಗಿ ಬರುವುದಿಲ್ಲ, ಅವ್ವ ಬೇಕೆಂದೇ ಬಂದು ಮಡಿಲಿಗೇರುತ್ತದೆ. ದೇವರ ಹತ್ತಿರ ನಾನು ಹಾಗೆ ಹೋದದ್ದೇ ಕಡಿಮೆ ಎಂದು ಆಗ ಹೊಳೆಯಿತು. ಬೆಳಿಗ್ಗೆ ಒಲೆ ಹಚ್ಚುವ ಮೊದಲು ಆ ಮೂರು ವಚನಗಳನ್ನು ಗಟ್ಟಿಯಾಗಿ, ನಿಧಾನವಾಗಿ ಓದುತ್ತೇನೆ. ನಂತರ ಸತ್ಯವೇದ ಮುಚ್ಚಿ ಸುಮ್ಮನೆ ಕೂರುತ್ತೇನೆ. ಮನಸ್ಸು ಕರೆಂಟ್ ಬಿಲ್ಲಿನ ಕಡೆಗೋ ತಮ್ಮನ ಸಾಲದ ಕಡೆಗೋ ಓಡಿದರೆ ಅದರೊಂದಿಗೆ ಜಗಳವಾಡುವುದಿಲ್ಲ. ‘ಅಪ್ಪಾ, ತಂದೆಯೇ’ ಎಂದು ಒಮ್ಮೆ ಮೆಲ್ಲಗೆ ಅಂದರೆ ಸಾಕು, ಮರಳುತ್ತದೆ. ಬೇಡಿಕೆಗಳೆಲ್ಲ ಆಮೇಲೆ.

ದೇಹವನ್ನು ಮರೆತು ಇದನ್ನೆಲ್ಲ ಮಾಡಲಾಗದು. ಸಾಯಬೇಕೆಂದು ಗಿಡದ ಕೆಳಗೆ ಬಿದ್ದುಕೊಂಡ ಪ್ರವಾದಿ ಎಲೀಯನಿಗೆ ದೇವದೂತನು ಉಪದೇಶ ಮಾಡಲಿಲ್ಲ. ತಟ್ಟಿ ಎಬ್ಬಿಸಿ, ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ಕೊಟ್ಟು, ಮತ್ತೆ ಮಲಗಲು ಬಿಟ್ಟನು. ದೇವರ ಮೆಲುದನಿ ಅವನಿಗೆ ಕೇಳಿಸಿದ್ದು ಅದೆಷ್ಟೋ ದಿನಗಳ ನಂತರ, ಹೋರೇಬ್ ಬೆಟ್ಟದಲ್ಲಿ. ಅವ್ವನ ಮಣ್ಣಾದ ಮೇಲೆ ನಮ್ಮ ಓಣಿಯ ಅಕ್ಕಂದಿರು ಜೋಳದ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬರುತ್ತಿದ್ದರು. ಅದನ್ನು ಬರೀ ಜನರ ಉಪಕಾರವೆಂದು ನಾನು ಎಣಿಸುವುದಿಲ್ಲ, ಆತನ ಕೈಯಿಂದಲೇ ಉಂಡೆ.

ಎಷ್ಟೋ ಬೆಳಗು ಏನೂ ಅನ್ನಿಸುವುದಿಲ್ಲ ಎಂಬುದನ್ನೂ ಹೇಳಬೇಕು. ನಮ್ಮ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿ ಇದೆ. ಮೇಲೆ ನಡೆಯುವವರಿಗೆ ಒಣನೆಲವೇ ಕಾಣುತ್ತದೆ, ಅಲ್ಲೊಂದು ಇಲ್ಲೊಂದು ಬಾಯಿ ತೆರೆದಲ್ಲಿ ಬಗ್ಗಿದರೆ ಮಾತ್ರ ಕೆಳಗಿನ ನೀರಿನ ದಾರಿ ತಿಳಿಯುತ್ತದೆ. ಬರಡು ದಿನಗಳಲ್ಲಿ ನಾನು ಅದನ್ನು ನೆನೆಯುತ್ತೇನೆ. ನಮ್ಮ ಸಭೆಯ ಮೂಲಪುರುಷ ಜಾನ್ ವೆಸ್ಲಿಯ ಹೃದಯ ಕ್ರಿಸ್ತನಲ್ಲಿ ಭರವಸೆ ಮೂಡಿ ವಿಚಿತ್ರವಾಗಿ ಬೆಚ್ಚಗಾದದ್ದು 1738ರ ಮೇ 24ರ ಸಂಜೆ. 1791ರಲ್ಲಿ ಸಾಯುವಾಗ ಅವರು ಆ ಬಿಸುಪಿನ ಮಾತನ್ನೆತ್ತಲಿಲ್ಲ, ದೇವರು ನಮ್ಮೊಂದಿಗಿದ್ದಾನೆ ಎಂಬುದೇ ಎಲ್ಲಕ್ಕಿಂತ ಉತ್ತಮ ಎಂದರಂತೆ. ಬಿಸುಪು ಬಂದರೆ ಸಂತೋಷ. ನಾನು ಆತುಕೊಂಡಿರುವುದು ಆ ಕೊನೆಯ ಮಾತಿಗೆ.

ಈಗ ಸಾವಾದ ಮನೆಗಳಿಗೆ ನಾನೂ ಹೋಗುತ್ತೇನೆ. ಎಲ್ಲವೂ ದೇವರ ಚಿತ್ತ ಎಂದು ಬಾಗಿಲಲ್ಲೇ ಹೇಳುವವರನ್ನು ಕಂಡರೆ ನನಗೆ ನೋವಾಗುತ್ತದೆ, ಆ ಮಾತು ನಿಜವಾದರೂ ಅದಕ್ಕೆ ಹೊತ್ತುಗೊತ್ತು ಬೇಕು. ರೊಟ್ಟಿ ಒಯ್ಯುತ್ತೇನೆ, ಪಕ್ಕದಲ್ಲಿ ಕೂರುತ್ತೇನೆ, ಅವರು ಅತ್ತರೆ ಅಳಲು ಬಿಡುತ್ತೇನೆ. ಓದು ಎಂದು ಕೇಳಿದರೆ 131ನೆಯ ಕೀರ್ತನೆಯನ್ನೇ ಓದುತ್ತೇನೆ. ಹೊಸದಾಗಿ ಆರಂಭಿಸುವವರಿಗೂ ಅದನ್ನೇ ಹೇಳುತ್ತೇನೆ: ಬೆಳಿಗ್ಗೆ ಮೊಬೈಲ್ ಮುಟ್ಟುವ ಮೊದಲು, ಬಾಯಿಬಿಟ್ಟು, ಅವಸರವಿಲ್ಲದೆ.