ಅಣಕು ಸಂವಿಧಾನ ಸಭೆ: ತಿದ್ದುಪಡಿಯೇ ಮುಖ್ಯವಾಗುವಂತೆ ಸ್ಪರ್ಧೆ ನಡೆಸುವ ಬಗೆ

ಅಣಕು ಸಂಸತ್ತು ನಮ್ಮ ಕಾಲೇಜುಗಳಿಗೆ ಹೊಸದಲ್ಲ. ಆಡಳಿತ ಪಕ್ಷ, ವಿರೋಧ ಪಕ್ಷ, ಸಭಾತ್ಯಾಗ, ಸಭಾಧ್ಯಕ್ಷರ ಗಂಟೆ, ಇವೆಲ್ಲ ವಿದ್ಯಾರ್ಥಿಗಳಿಗೆ ಟಿವಿಯಿಂದಲೇ ಪರಿಚಿತ. ಸಂವಿಧಾನ ರಚನಾ ಸಭೆಯ ಅಣಕು ಸ್ಪರ್ಧೆಯ ಸ್ವರೂಪವೇ ಬೇರೆ. ಇಲ್ಲಿ ಸರ್ಕಾರವನ್ನು ಬೀಳಿಸುವ ಮಾತಿಲ್ಲ. ಒಂದು ವಾಕ್ಯವನ್ನು ಸಭೆಯ ಬಹುಪಾಲು ಜನ ಒಪ್ಪುವಂತೆ ಬರೆಯುವ ಕೆಲಸವಿದೆ. ಆದ್ದರಿಂದ ಅಂಕಗಳ ದೊಡ್ಡ ಪಾಲು ಕರಡು ಮತ್ತು ತಿದ್ದುಪಡಿಗಳ ಬರವಣಿಗೆಗೆ ಸಲ್ಲಬೇಕೆಂಬುದನ್ನು ಏರ್ಪಡಿಸುವವರು ಮೊದಲೇ ನಿರ್ಧರಿಸಿಕೊಳ್ಳಬೇಕು. ಹಾಗೆ ಮಾಡದಿದ್ದರೆ ಉಳಿಯುವುದು ಗಣರಾಜ್ಯೋತ್ಸವದ ಭಾಷಣ ಸ್ಪರ್ಧೆ, ವೇಷಭೂಷಣ ಸಮೇತ.

ಮೊದಲ ಕೆಲಸ ವಿಷಯದ ಆಯ್ಕೆ. ಇಡೀ ಸಂವಿಧಾನವನ್ನು ಒಂದು ದಿನದಲ್ಲಿ ಮುಟ್ಟುವ ಆಸೆಯನ್ನು ಬಿಟ್ಟು, ದಿನಕ್ಕೆ ಒಂದೇ ಅನುಚ್ಛೇದವನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಖಾಲಿ ಹಾಳೆಯಿಂದಲೂ ಆರಂಭಿಸಬಾರದು. ಸಂವಿಧಾನ ಸಭೆಯೇ ಹಾಗೆ ಆರಂಭಿಸಲಿಲ್ಲ: ಸಾಂವಿಧಾನಿಕ ಸಲಹೆಗಾರರಾಗಿದ್ದ, ಮಂಗಳೂರಿನಲ್ಲಿ ಹುಟ್ಟಿದ ಬಿ.ಎನ್. ರಾವ್ ಅವರು 1947ರ ಅಕ್ಟೋಬರ್‌ನಲ್ಲಿ 243 ಅನುಚ್ಛೇದಗಳ ಕರಡನ್ನು ಸಿದ್ಧಪಡಿಸಿಕೊಟ್ಟರು. ಅದನ್ನು ಪರಿಶೀಲಿಸಿದ ಕರಡು ಸಮಿತಿ 1948ರ ಫೆಬ್ರುವರಿಯಲ್ಲಿ 315 ಅನುಚ್ಛೇದಗಳ ಕರಡನ್ನು ಒಪ್ಪಿಸಿತು. ವಿದ್ಯಾರ್ಥಿಗಳ ಕೈಗೂ ಹೀಗೆಯೇ ಒಂದು ಮೂಲ ಪಠ್ಯವನ್ನು ಕನಿಷ್ಠ ಹತ್ತು ದಿನ ಮುಂಚಿತವಾಗಿ ಕೊಡಬೇಕು.

ಕನ್ನಡದ ವಿದ್ಯಾರ್ಥಿಗಳಿಗೆ ನಾನು ಸೂಚಿಸುವ ವಿಷಯ ಗ್ರಾಮ ಪಂಚಾಯತಿ. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಟ್ಟ ಅಂಬೇಡ್ಕರ್ ಅವರು, ಗ್ರಾಮಗಳು ಸಂಕುಚಿತತೆ ಮತ್ತು ಅಜ್ಞಾನದ ತಾಣಗಳೆಂದೂ, ಕರಡು ಸಂವಿಧಾನವು ಗ್ರಾಮವನ್ನು ಬಿಟ್ಟು ವ್ಯಕ್ತಿಯನ್ನು ಘಟಕವಾಗಿ ಸ್ವೀಕರಿಸಿದ್ದು ತಮಗೆ ಸಂತೋಷವೆಂದೂ ಹೇಳಿದರು. ಎಚ್.ವಿ. ಕಾಮತ್ ಮೊದಲಾದವರು ಇದನ್ನು ಕಟುವಾಗಿ ಆಕ್ಷೇಪಿಸಿದರು. ಆದರೆ ನವೆಂಬರ್ 22ರಂದು ಕೆ. ಸಂತಾನಂ ಅವರು ಪಂಚಾಯತಿಗಳ ಕುರಿತು 31-ಎ ಎಂಬ ಹೊಸ ಅನುಚ್ಛೇದವನ್ನು ಸೇರಿಸುವ ತಿದ್ದುಪಡಿಯನ್ನು ಮಂಡಿಸಿದಾಗ ಅಂಬೇಡ್ಕರ್ ಅವರು ಅದನ್ನು ಒಪ್ಪಿಕೊಂಡರು. ಜಾತಿಯ ಹಿಡಿತದಲ್ಲಿರುವ ಊರಿಗೆ ಅಧಿಕಾರ ಕೊಟ್ಟರೆ ಅದು ಯಾರ ಕೈ ಸೇರುತ್ತದೆ ಎಂಬ ಅಂದಿನ ಪ್ರಶ್ನೆಗೆ ಹಳ್ಳಿಯಿಂದ ಬಂದ ವಿದ್ಯಾರ್ಥಿ ಪಠ್ಯಪುಸ್ತಕದ ನೆರವಿಲ್ಲದೆ ಉತ್ತರಿಸಬಲ್ಲ. ಎರಡನೆಯ ದಿನವಿದ್ದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಕರಡು ಅನುಚ್ಛೇದ 15ನ್ನು, ಅಂದರೆ ಇಂದಿನ 21ನ್ನು, ತೆಗೆದುಕೊಳ್ಳಬಹುದು. ಕಾನೂನು ವಿದ್ಯಾರ್ಥಿಗಳಿಗಂತೂ ಅದೇ ಹೆಚ್ಚು ಸೂಕ್ತ.

ಕಾಲದ ಗಡಿಯನ್ನು ನಿಯಮಾವಳಿಯಲ್ಲಿ ಸ್ಪಷ್ಟವಾಗಿ ಬರೆಯಬೇಕು. ಸಭೆ 1948ರಲ್ಲಿ ಸೇರಿದೆ ಎಂದಾದರೆ, ಪಂಚಾಯತಿಗಳಿಗೆ ಸಾಂವಿಧಾನಿಕ ಸ್ಥಾನ ಕೊಟ್ಟ, 1993ರ ಏಪ್ರಿಲ್ 24ರಂದು ಜಾರಿಗೆ ಬಂದ 73ನೆಯ ತಿದ್ದುಪಡಿಯನ್ನಾಗಲಿ ಕರ್ನಾಟಕದ 1983ರ ಮಂಡಲ ಪಂಚಾಯತಿ ಕಾಯಿದೆಯನ್ನಾಗಲಿ ಯಾರೂ ಉಲ್ಲೇಖಿಸುವಂತಿಲ್ಲ. ಸಭೆ ಇಂದಿನದು ಎಂದಾದರೆ ಅವೇ ಅತ್ಯಂತ ಗಟ್ಟಿ ಸಾಕ್ಷ್ಯಗಳು. ಎರಡನ್ನೂ ಬೆರೆಸಿದ ಸ್ಪರ್ಧೆಯಲ್ಲಿ ತೀರ್ಪುಗಾರರು ಯಾವ ವಾದವನ್ನೂ ನ್ಯಾಯವಾಗಿ ತೂಗಲಾರರು.

ಮೂವತ್ತರಿಂದ ನಲವತ್ತು ಮಂದಿಯ ಸಭೆ ಅನುಕೂಲಕರ. ಅಧ್ಯಕ್ಷರೊಬ್ಬರು, ಐದು ಮಂದಿಯ ಕರಡು ಸಮಿತಿ, ಇಬ್ಬರ ಕಾರ್ಯಾಲಯ, ಉಳಿದವರೆಲ್ಲ ಸದಸ್ಯರು. ಕರಡು ಸಮಿತಿಯ ಪ್ರತಿಯೊಬ್ಬರಿಗೂ ಲಿಖಿತ ಹೊಣೆಯನ್ನು ಹಂಚಬೇಕು, ಇಲ್ಲವಾದರೆ ಕೆಲಸವೆಲ್ಲ ಒಬ್ಬರ ಮೇಲೆ ಬೀಳುತ್ತದೆ. ಮೂಲ ಸಮಿತಿಯಲ್ಲೂ ರಾಜೀನಾಮೆ, ಮರಣ, ಗೈರುಹಾಜರಿಗಳಿಂದಾಗಿ ಭಾರವೆಲ್ಲ ಅಂಬೇಡ್ಕರ್ ಅವರ ಮೇಲೆ ಬಿತ್ತೆಂದು ಅದರ ಸದಸ್ಯರೇ ಆಗಿದ್ದ ಟಿ.ಟಿ. ಕೃಷ್ಣಮಾಚಾರಿಯವರು ಸಭೆಯಲ್ಲೇ ಹೇಳಿದ್ದರು. ಪಾತ್ರಗಳನ್ನು ಹಂಚುವಾಗ ಎಲ್ಲರೂ ಅಂಬೇಡ್ಕರ್, ನೆಹರೂ, ಪಟೇಲರೇ ಆಗಲು ಬಯಸುವುದು ಸಹಜ. ಮೈಸೂರಿನ ಪ್ರತಿನಿಧಿಗಳಾಗಿದ್ದ ಕೆ. ಹನುಮಂತಯ್ಯ, ಟಿ. ಸಿದ್ದಲಿಂಗಯ್ಯ, ಕೆ.ಸಿ. ರೆಡ್ಡಿ, ಮುಂಬಯಿ ಪ್ರಾಂತ್ಯದಿಂದ ಬಂದಿದ್ದ ಎಸ್. ನಿಜಲಿಂಗಪ್ಪ, ಮೈಸೂರಿನ ದಿವಾನರಾಗಿದ್ದು ನಂತರ ಕರಡು ಸಮಿತಿಯನ್ನು ಸೇರಿದ ಎನ್. ಮಾಧವರಾವ್, ದಾಕ್ಷಾಯಣಿ ವೇಲಾಯುಧನ್, ಹಂಸಾ ಮೆಹ್ತಾ, ಇಂಥವರ ಪಾತ್ರಗಳನ್ನೂ ಪಟ್ಟಿಯಲ್ಲಿ ಇಡಬೇಕು. ಪಾತ್ರಧಾರಿಯು ಆ ವ್ಯಕ್ತಿಯ ನಿಲುವನ್ನು ಚರ್ಚೆಗಳ ದಾಖಲೆಯಿಂದಲೇ ತಿಳಿದುಕೊಳ್ಳಬೇಕು. ಬೆಂಗಳೂರಿನ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್ ನಡೆಸುವ ಜಾಲತಾಣದಲ್ಲಿ ಚರ್ಚೆಗಳನ್ನು ದಿನಾಂಕದ ಪ್ರಕಾರ ಓದಬಹುದು. ಭಾಷೆಯ ವಿಷಯದಲ್ಲಿ ಸಂಕೋಚ ಬೇಡ. ಹಿಂದೂಸ್ತಾನಿ, ಇಂಗ್ಲಿಷ್ ಎರಡೂ ಬಾರದ ಸದಸ್ಯರು ಅಧ್ಯಕ್ಷರ ಅನುಮತಿ ಪಡೆದು ಮಾತೃಭಾಷೆಯಲ್ಲಿ ಮಾತನಾಡಲು ಮೂಲ ಸಭೆಯ ನಿಯಮದಲ್ಲೇ ಅವಕಾಶವಿತ್ತು.

ಇನ್ನು ತಿದ್ದುಪಡಿ. ಸ್ಪರ್ಧೆಯ ಹಿಂದಿನ ದಿನ ಸಂಜೆಯೊಳಗೆ ಸೂಚನೆಗಳು ಲಿಖಿತವಾಗಿ ಕಾರ್ಯಾಲಯಕ್ಕೆ ತಲುಪಬೇಕು. 31-ಎ ಅನುಚ್ಛೇದದ ತಾತ್ಪರ್ಯ ಹೀಗಿದೆ: ರಾಜ್ಯವು ಗ್ರಾಮ ಪಂಚಾಯತಿಗಳನ್ನು ಸಂಘಟಿಸಲು ಕ್ರಮ ಕೈಗೊಳ್ಳತಕ್ಕದ್ದು ಮತ್ತು ಅವು ಸ್ವಯಂ ಆಡಳಿತದ ಘಟಕಗಳಾಗಿ ಕೆಲಸ ಮಾಡಲು ಅಗತ್ಯವಾದ ಅಧಿಕಾರಗಳನ್ನು ಅವುಗಳಿಗೆ ನೀಡತಕ್ಕದ್ದು. ಇದಕ್ಕೆ ‘ಗ್ರಾಮಗಳ ಅಭಿವೃದ್ಧಿಗೆ ಹೆಚ್ಚಿನ ಒತ್ತು ಕೊಡಬೇಕು’ ಎಂದು ಬರೆದುಕೊಟ್ಟರೆ ಅದು ತಿದ್ದುಪಡಿಯಲ್ಲ, ಹಾರೈಕೆ. ‘ಅಗತ್ಯವಾದ ಅಧಿಕಾರಗಳನ್ನು ಎಂಬ ಪದಗಳ ತರುವಾಯ, ಮತ್ತು ತೆರಿಗೆ ವಿಧಿಸುವ ಹಕ್ಕನ್ನು ಎಂಬ ಪದಗಳನ್ನು ಸೇರಿಸತಕ್ಕದ್ದು’ ಎಂದು ಬರೆದರೆ ಅದು ತಿದ್ದುಪಡಿ. ಸೇರಿಸುವುದು, ಬಿಟ್ಟುಬಿಡುವುದು, ಒಂದರ ಬದಲಿಗೆ ಇನ್ನೊಂದನ್ನು ಪ್ರತಿಯೋಜಿಸುವುದು, ಈ ಮೂರು ಬಗೆಗಳಲ್ಲಿ ಒಂದರ ಅಡಿ ಬಾರದ ಸೂಚನೆಯನ್ನು ಕಾರ್ಯಾಲಯ ಹಿಂದಿರುಗಿಸಬೇಕು. ‘ತಕ್ಕದ್ದು’ ಇರುವಲ್ಲಿ ‘ಬಹುದು’ ಎಂದು ಬದಲಿಸಿದರೆ ಕರ್ತವ್ಯವು ಇಚ್ಛೆಯಾಗಿಬಿಡುತ್ತದೆ ಎಂಬುದನ್ನು ತರಬೇತಿಯಲ್ಲೇ ತಿಳಿಸಿಕೊಡಬೇಕು. ಪ್ರತಿ ತಿದ್ದುಪಡಿಯ ಕೆಳಗೆ ಮೂರು ಸಾಲಿನ ಟಿಪ್ಪಣಿ ಇರಲಿ: ಇದಿಲ್ಲದಿದ್ದರೆ ಆಗುವ ಹಾನಿ ಯಾವುದು, ಅದು ಯಾರಿಗೆ, ಮತ್ತು ಬೇರೆ ಯಾವ ಅನುಚ್ಛೇದಕ್ಕೆ ಇದು ತಾಗುತ್ತದೆ. ಮೇಲಿನ ಉದಾಹರಣೆಯಲ್ಲಿ ಎದುರು ಪಕ್ಷದವರು ಕೇಳಬೇಕಾದ ಮೊದಲ ಪ್ರಶ್ನೆ ಈ ಮೂರನೆಯ ಸಾಲಿನಿಂದಲೇ ಹುಟ್ಟುತ್ತದೆ. 31-ಎ ಸೇರಿರುವುದು ಸರ್ಕಾರಕ್ಕೆ ದಾರಿ ತೋರುವ ನಿರ್ದೇಶಕ ತತ್ವಗಳ ಭಾಗಕ್ಕೆ; ಆ ತತ್ವಗಳನ್ನು ನ್ಯಾಯಾಲಯದ ಮೂಲಕ ಜಾರಿಗೊಳಿಸಲಾಗದು ಎಂದಮೇಲೆ, ಅಲ್ಲಿ ಬರೆದ ತೆರಿಗೆಯ ಹಕ್ಕಿನಿಂದ ಪಂಚಾಯತಿಗೆ ಏನು ದಕ್ಕೀತು?

ಬಂದ ಸೂಚನೆಗಳನ್ನೆಲ್ಲ ಚರ್ಚೆಗೆ ತರುವುದು ಅಸಾಧ್ಯ. ಮೂಲ ಸಭೆಗೆ ಬಂದ 7,635 ತಿದ್ದುಪಡಿಗಳಲ್ಲಿ ಮಂಡನೆಯಾದದ್ದು 2,473. ಒಂದೇ ಅರ್ಥದವುಗಳನ್ನು ಕಾರ್ಯಾಲಯ ಒಗ್ಗೂಡಿಸಿ, ಎಂಟು ಹತ್ತನ್ನು ಉಳಿಸಿಕೊಂಡು, ಕ್ರಮಸಂಖ್ಯೆ ಕೊಟ್ಟು ಬೆಳಿಗ್ಗೆಯೇ ಹಂಚಬೇಕು. ಮಂಡಿಸುವವರಿಗೆ ನಾಲ್ಕು ನಿಮಿಷ, ಇತರರಿಗೆ ಎರಡು, ಕರಡು ಸಮಿತಿಯ ಉತ್ತರಕ್ಕೆ ಮೂರು ನಿಮಿಷ ಸಾಕು. ಮಂಡಿಸಿದವರು ಉತ್ತರ ಕೇಳಿದ ಮೇಲೆ ಹಿಂತೆಗೆದುಕೊಳ್ಳಲು ಅವಕಾಶವಿರಬೇಕು. ಕಾರಣ ಹೇಳಿ ಹಿಂತೆಗೆದುಕೊಂಡವರ ಅಂಕ ಕಡಿಮೆಯಾಗಬಾರದು.

ನೂರು ಅಂಕಗಳಲ್ಲಿ ನಲವತ್ತನ್ನು ಬರವಣಿಗೆಗೆ, ಮೂವತ್ತನ್ನು ಆಕ್ಷೇಪಣೆಗೆ ಕೊಟ್ಟ ಉತ್ತರಕ್ಕೆ, ಇಪ್ಪತ್ತನ್ನು ಮಾತಿಗೆ, ಹತ್ತನ್ನು ಸಭಾ ಮರ್ಯಾದೆಗೆ ಇಡಬಹುದು. ಉತ್ತರದ ಗುಣವನ್ನು ಅಳೆಯಲು ತೀರ್ಪುಗಾರರು 1948ರ ಡಿಸೆಂಬರ್ 13ರ ಚರ್ಚೆಯನ್ನು ಓದಿಕೊಂಡು ಬರಲಿ. ಕರಡು ಅನುಚ್ಛೇದ 15ರ ಮೇಲಿನ ಆ ಚರ್ಚೆಯಲ್ಲಿ ಅಂಬೇಡ್ಕರ್ ಅವರು, ಶಾಸಕಾಂಗವನ್ನು ಪೂರ್ಣವಾಗಿ ನಂಬುವುದರಲ್ಲಿರುವ ಅಪಾಯವನ್ನೂ ಕೆಲವೇ ನ್ಯಾಯಾಧೀಶರನ್ನು ನಂಬುವುದರಲ್ಲಿರುವ ಅಪಾಯವನ್ನೂ ಸಭೆಯ ಮುಂದಿಟ್ಟು, ನಿರ್ಧಾರವನ್ನು ಸದಸ್ಯರಿಗೇ ಬಿಟ್ಟರು. ಎದುರಾಳಿಯ ವಾದದ ಬಲವನ್ನು ಹೀಗೆ ಒಪ್ಪಿಕೊಂಡು ಉತ್ತರಿಸುವ ವಿದ್ಯಾರ್ಥಿಗೆ, ಮೇಜು ಕುಟ್ಟಿ ಚಪ್ಪಾಳೆ ಗಿಟ್ಟಿಸಿದವನಿಗಿಂತ ಹೆಚ್ಚು ಅಂಕ ಸಲ್ಲಬೇಕು.

ಮತದಾನ ಮುಗಿದ ಕೂಡಲೇ ಬಹುಮಾನ ವಿತರಣೆಗೆ ಧಾವಿಸದೆ ಕರಡು ಸಮಿತಿಗೆ ಅರ್ಧ ಗಂಟೆ ಕೊಡಬೇಕು. ಅಂಗೀಕಾರವಾದ ತಿದ್ದುಪಡಿಗಳನ್ನು ಸೇರಿಸಿದಾಗ ವಾಕ್ಯ ಮುರಿದಿರಬಹುದು, ಒಂದು ಉಪಖಂಡ ಇನ್ನೊಂದನ್ನು ಅಲ್ಲಗಳೆಯಬಹುದು, ಸಂಖ್ಯೆಗಳು ತಪ್ಪಬಹುದು. 31-ಎ ಕೂಡ ಕೊನೆಗೆ 40 ಆಯಿತು. ಅರ್ಥವನ್ನು ಬದಲಿಸದೆ ಭಾಷೆಯನ್ನಷ್ಟೇ ಸರಿಪಡಿಸುವ ಅಧಿಕಾರ ಸಮಿತಿಗಿರಲಿ. ಶುದ್ಧ ಪ್ರತಿಯನ್ನು ಅಧ್ಯಕ್ಷರು ಗಟ್ಟಿಯಾಗಿ ಓದಿ, ಆಕ್ಷೇಪಣೆಯಿದ್ದರೆ ದಾಖಲಿಸಿಕೊಂಡು, ಎಲ್ಲ ಸದಸ್ಯರ ಸಹಿ ಪಡೆಯಬೇಕು; ಒಪ್ಪದವರು ತಮ್ಮ ಭಿನ್ನಾಭಿಪ್ರಾಯವನ್ನು ಸಹಿಯ ಕೆಳಗೆ ಒಂದೆರಡು ಸಾಲಿನಲ್ಲಿ ಬರೆಯಬಹುದು.