ಕಗ್ಗಲಡು, ಮೈದನಹಳ್ಳಿಗೆ ಯಾವ ಲೆನ್ಸ್?

ಶಿರಾ ತಾಲ್ಲೂಕಿನ ಕಗ್ಗಲಡುವಿಗಷ್ಟೇ ಹಕ್ಕಿ ಫೋಟೋ ತೆಗೆಯೋಕೆ ಹೋಗೋದಾದರೆ ದೊಡ್ಡ ಲೆನ್ಸ್ ಬೇಡ. ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ಕ್ರಾಪ್ ಸೆನ್ಸರ್ (ಫುಲ್ ಫ್ರೇಮ್‌ಗಿಂತ ಚಿಕ್ಕ ಸೆನ್ಸರ್) ಕ್ಯಾಮೆರಾಗೆ 70-300 ಎಂಎಂ ಸಾಕು. 600 ಎಂಎಂ ಹಾಕಿದರೆ ಹಕ್ಕಿ ರೆಕ್ಕೆ ಬಿಚ್ಚಿದಾಗ ತುದಿಗಳು ಫ್ರೇಮಿನಾಚೆ ಹೋಗುತ್ತವೆ.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬೇರೆಯೇ ಕಥೆ. ಬಯಲು ಹುಲ್ಲುಗಾವಲು, ಕೃಷ್ಣಮೃಗಗಳು ಹತ್ತಿರ ಬಿಟ್ಟುಕೊಳ್ಳಲ್ಲ. ಅಲ್ಲಿಗೆ 150-600 ಅಥವಾ ನಿಕಾನ್ 200-500 ಎಫ್/5.6 ಸರಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಬರುವ ಬೆಳಕು ಕಡಿಮೆ). ನಿಕಾನ್‌ದು ಸುಮಾರು 2.3 ಕೆಜಿ, ಸಿಗ್ಮಾ 150-600 ಕಂಟೆಂಪರರಿ 2 ಕೆಜಿಗಿಂತ ಸ್ವಲ್ಪ ಕಡಿಮೆ. ಕೈಯಲ್ಲೇ ಹಿಡಿದು ಓಡಾಡೋರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತೆ. ಬಿಸಿಲೇರಿದ ಮೇಲೆ ನೆಲದ ಕಾವಿಗೆ ಗಾಳಿ ಅಲುಗಿ ಚಿತ್ರ ಮಸುಕಾಗುತ್ತೆ. ಅದು ಲೆನ್ಸಿನ ದೋಷವಲ್ಲ, ಎಷ್ಟು ಲಕ್ಷದ್ದು ತಂದರೂ ಅಷ್ಟೇ. ಬೆಳಗ್ಗೆ ಬೇಗ ಹೋಗಿ.

1.4 ಟೆಲಿಕನ್ವರ್ಟರ್ (ಕ್ಯಾಮೆರಾ-ಲೆನ್ಸ್ ನಡುವೆ ಹಾಕಿ ಚಿತ್ರವನ್ನು 1.4 ಪಟ್ಟು ಹಿಗ್ಗಿಸೋ ತುಂಡು) ಆಸೆಗೆ ಬೀಳಬೇಡಿ. ಒಂದು ಸ್ಟಾಪ್, ಅಂದರೆ ಅರ್ಧ ಬೆಳಕು ಹೋಗುತ್ತೆ, ಎಫ್/6.3 ಲೆನ್ಸ್ ಎಫ್/9 ಆಗುತ್ತೆ, ಹಳೆಯ ಡಿಎಸ್‌ಎಲ್‌ಆರ್‌ಗಳ ಆಟೋಫೋಕಸ್ ಅಲ್ಲಿ ತಡಕಾಡುತ್ತೆ. ಸ್ಟೆಬಿಲೈಸರ್ ನಿಮ್ಮ ಕೈ ನಡುಕ ತಡೆಯುತ್ತೆ, ಹಕ್ಕಿಯ ರೆಕ್ಕೆಯನ್ನಲ್ಲ. ಹಾರುವ ಹಕ್ಕಿಗೆ 1/2000 ಸೆಕೆಂಡ್ ಶಟರ್ ಇಟ್ಟು ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) ಆಟೋ ಬಿಡಿ.

ಸೆಕೆಂಡ್ ಹ್ಯಾಂಡ್ ಲೆನ್ಸ್ ಕೊಳ್ಳೋದಾದರೆ ಮುಂದಿನ, ಹಿಂದಿನ ಎರಡೂ ಕ್ಯಾಪ್ ತೆಗೆದು, ಹಿಂದಿನಿಂದ ಮೊಬೈಲ್ ಟಾರ್ಚ್ ಓರೆಯಾಗಿ ಬಿಡಿ. ಜೇಡರ ಬಲೆಯಂಥ ಎಳೆ ಕಂಡರೆ ಫಂಗಸ್, ವಾಪಸ್ ಕೊಡಿ. ಒಂದೆರಡು ಧೂಳಿನ ಕಣಕ್ಕೆ ತಲೆ ಕೆಡಿಸಿಕೊಳ್ಳಬೇಡಿ, ಬೆಲೆ ಇಳಿಸೋಕೆ ಬಳಸಿಕೊಳ್ಳಿ. ಆಮೇಲೆ ಪೂರ್ತಿ ಜೂಮ್‌ನಲ್ಲಿ, ಅಪರ್ಚರ್ (ಬೆಳಕು ಒಳಬಿಡೋ ಕಿಂಡಿ) ಪೂರ್ತಿ ತೆರೆದು ದೂರದ ಬೋರ್ಡಿನ ಅಕ್ಷರದ ಫೋಟೋ ತೆಗೆದು, ಸ್ಪಷ್ಟವಾಗಿದೆಯಾ ಅಂತ ಪರದೆಯಲ್ಲಿ ಹಿಗ್ಗಿಸಿ ನೋಡಿ.